ಖಾಲಿ ಸೀಟುಗಳ ಕ್ಯಾಪ್ಟನ್

"ನಗೀಮ್ಮಾ! ಹಲ್ಲು ಕಾಣೋ ಹಾಗೆ ನಗಿ!"

ಪ್ಲಾಸಿದೊ ಸಾಹೇಬರು ಮೈಕಿನಲ್ಲಿ ಅರಚಿದರು. ರಾಜ್ಯ ಪ್ರವಾಸೋದ್ಯಮ ಇಲಾಖೆಯ ನಮ್ಮ ಕರಾವಳಿ ವಿಭಾಗಕ್ಕೆ ಅವರೇ ದೊಡ್ಡವರು. ದೊಡ್ಡದಾಗಿದ್ದದ್ದು ಹೊಟ್ಟೆ ಮತ್ತು ಧ್ವನಿ, ಇಷ್ಟೇ.

ಯಾದಿರಾ ನಗಲಿಲ್ಲ. ಕೈಯಲ್ಲಿ ಕಾಗದದ ಹೂವಿನ ಹಾರ ಹಿಡಿದು ಕೆಂಪುಹಾಸಿನ ತುದಿಯಲ್ಲಿ ಕಲ್ಲಿನಂತೆ ನಿಂತಿದ್ದಳು. ಮೈಮೇಲೆ ಇಲಾಖೆ ಕೊಟ್ಟಿದ್ದ ಜರಿ ಕಸೂತಿಯ ಲಂಗ. ಅಂಥ ಲಂಗವನ್ನು ಮೆಕ್ಸಿಕೊದ ಈ ಸಾಂತಾ ರುಫಿನಾ ಊರಿನಲ್ಲಿ ಅವಳ ಅಜ್ಜಿಯೂ ಉಟ್ಟವಳಲ್ಲ, ಮುತ್ತಜ್ಜಿಯೂ ಉಟ್ಟವಳಲ್ಲ!

ವಿಮಾನ ಇಳಿಯಿತು. ಅಗ್ನಿಶಾಮಕ ಗಾಡಿ ಅದರ ಮೇಲೆ ಕಮಾನಿನಂತೆ ನೀರು ಹಾರಿಸಿತು.

"ನೋಡೇ..." ಪಕ್ಕದಲ್ಲಿದ್ದ ಚೋನಾ ಚಿಕ್ಕಮ್ಮ ಪಿಸುಗುಟ್ಟಿದಳು. "ಊರಿನ ನಲ್ಲೀಲಿ ವಾರದಿಂದ ಒಂದು ತೊಟ್ಟು ನೀರಿಲ್ಲ. ವಿಮಾನಕ್ಕೆ ಮಾತ್ರ ಅಭ್ಯಂಜನ!"

ಬಾಗಿಲು ತೆರೆಯಿತು. ಮೊದಲು ಪ್ರವಾಸೋದ್ಯಮ ಮಂತ್ರಿ ಇಳಿದರು. ಅವರ ಹಿಂದೆ ಹೆಂಡತಿ. ಅವಳ ಹಿಂದೆ ಅವಳ ತಮ್ಮಂದಿರು. ಅವರ ಹಿಂದೆ ಫೋಟೊ ತೆಗೆಯುವವರು. ಆಮೇಲೆ... ಯಾರೂ ಇಲ್ಲ.

ಬ್ಯಾಂಡಿನವರು ಊದಿ ಊದಿ ಸುಸ್ತಾದರು. ವಿಮಾನದೊಳಗಿಂದ ಒಂದು ನೊಣವೂ ಹೊರಬರಲಿಲ್ಲ.

"ಪ್ರವಾಸಿಗರೆಲ್ಲಿ?" ಮಂತ್ರಿಗಳು ಹಲ್ಲು ಕಚ್ಚಿಕೊಂಡೇ ನಗುತ್ತಾ ಕೇಳಿದರು.

ಪ್ಲಾಸಿದೊ ಸಾಹೇಬರು ಬೆವರೊರೆಸಿಕೊಳ್ಳುತ್ತಾ ಮೆಟ್ಟಿಲು ಹತ್ತಿ ಒಳಗೆ ಓಡಿದರು. ಸ್ವಲ್ಪ ಹೊತ್ತಿಗೆ ಎತ್ತರದ ಗಂಡಸೊಬ್ಬ ಹೊರಬಂದ. ಮೈಮೇಲೆ ಗಿಳಿಗಳ ಚಿತ್ರದ ಅಂಗಿ, ತಲೆಗೆ ಹುಲ್ಲಿನ ಟೋಪಿ. ಆದರೆ ಸೊಂಟದ ಕೆಳಗೆ ಇಸ್ತ್ರಿ ಮಾಡಿದ ಕಪ್ಪು ಪ್ಯಾಂಟು, ಕನ್ನಡಿಯಂತೆ ಹೊಳೆಯುವ ಬೂಟು!

ಯಾದಿರಾಳಿಗೆ ಒಂದೇ ನೋಟಕ್ಕೆ ಅರ್ಥವಾಯಿತು. ಹಾರ ಹಾಕುವಾಗ ಅವನ ಕಿವಿಯ ಬಳಿ ಅವಳು ಉಸುರಿದಳು:

"ಸುಸ್ವಾಗತ, ಪ್ರವಾಸಿಗಳೇ! ವಿಮಾನಾನ ಯಾರ ಕೈಗೆ ಕೊಟ್ಟು ಬಂದ್ರಿ?"

ಅವನ ಮುಖ ಕೆಂಪಾಯಿತು. ತುಟಿ ಮಾತ್ರ ನಡುಗಿತು, ನಗು ತಡೆಯಲಾರದೆ.

"ದಯವಿಟ್ಟು ನಗಿಸಬೇಡಿ... ನಕ್ಕರೆ ಇನ್ನೂ ನಾಲ್ಕು ಫೋಟೊ ತೆಗೀತಾರೆ."

ಅವನ ಕಣ್ಣಲ್ಲಿ ನಾಚಿಕೆಯಿತ್ತು. ನಿಜವಾದ ನಾಚಿಕೆ.

*ಛೇ! ಬಾಡಿಗೆ ಅಂಗಿ, ಬಾಡಿಗೆ ಟೋಪಿ... ಕಣ್ಣು ಮಾತ್ರ ಸ್ವಂತದ್ದು ಅಂತ ಯಾಕೆ ನಂಬಲಿ?*

ಮರುದಿನ ಪತ್ರಿಕೆಯಲ್ಲಿ ಅವರಿಬ್ಬರ ಚಿತ್ರ ಬಂತು. 'ಸಾಂತಾ ರುಫಿನಾದ ಸೊಬಗಿಗೆ ಮರುಳಾದ ಮೊದಲ ಪ್ರವಾಸಿ!'

ಚೋನಾ ಚಿಕ್ಕಮ್ಮ ಆ ಪತ್ರಿಕೆಯಲ್ಲಿ ಮೀನು ಸುತ್ತಿಟ್ಟಳು.

---

ಯಾದಿರಾಳ ತಿರಸ್ಕಾರ ಸುಮ್ಮನೆ ಹುಟ್ಟಿದ್ದಲ್ಲ.

ಈಗ ರನ್‌ವೇ ಇರುವ ಜಾಗದಲ್ಲಿ ಅವಳ ಅಮ್ಮ ನೆಟ್ಟ ಪಪ್ಪಾಯಿ ತೋಟವಿತ್ತು. ತೋಟದ ಅಂಚಿನಲ್ಲಿ, ಹೆದ್ದಾರಿಗೆ ಮುಖ ಮಾಡಿ, ಗರಿ ಹೊದಿಸಿದ ಊಟದ ಚಪ್ಪರ. ಮೆಕ್ಸಿಕೊದ ಪೆಸಿಫಿಕ್ ಕರಾವಳಿಯುದ್ದಕ್ಕೂ ಓಡಾಡುವ ಲಾರಿ ಚಾಲಕರೆಲ್ಲ ಅಮ್ಮನ ಸೀಗಡಿ ಸಾರಿಗಾಗಿ ಬ್ರೇಕು ಹಾಕುತ್ತಿದ್ದರು. ಅಮ್ಮ ಸತ್ತ ಮೇಲೆ ಯಾದಿರಾ ಮತ್ತು ಚೋನಾ ಚಿಕ್ಕಮ್ಮ ಸೇರಿ ಅದನ್ನು ನಡೆಸುತ್ತಿದ್ದರು.

ಆಗ ಸರ್ಕಾರ ಬಂತು. 'ರಾಜಧಾನಿಯಿಂದ ನೇರ ವಿಮಾನ! ಪ್ರವಾಸಿಗರ ಹೊಳೆ!' ತೋಟ ಹೋಯಿತು, ಚಪ್ಪರ ಹೋಯಿತು. ಬದಲಿಗೆ ವಿಮಾನ ನಿಲ್ದಾಣದ ಒಳಗೆ ಒಂದು ಮಳಿಗೆ ಸಿಕ್ಕಿತು. ಒಂದು ಕಡೆ ಗಂಡಸರ ಶೌಚಾಲಯ, ಇನ್ನೊಂದು ಕಡೆ ಹೆಂಗಸರದು, ನಡುವೆ ಯಾದಿರಾಳ ಒಲೆ. ಲಾರಿಯವರನ್ನು ಕಾವಲುಗಾರರು ಒಳಗೆ ಬಿಡರು. ಪ್ರವಾಸಿಗರು... ಅವರು ಫೋಟೊದಲ್ಲಿ ಮಾತ್ರ ಬರುತ್ತಿದ್ದರು.

ಆದರೂ ವಿಮಾನ ತಪ್ಪದೆ ಬರುತ್ತಿತ್ತು. ಖಾಲಿ ಬಂದು ಖಾಲಿ ಹೋಗುತ್ತಿತ್ತು. ತುಂಬದ ಸೀಟಿಗೆಲ್ಲ ವಿಮಾನ ಕಂಪನಿಗೆ ಸರ್ಕಾರವೇ ದುಡ್ಡು ಕಟ್ಟುತ್ತಿತ್ತು. ಬಂದಾಗಲೆಲ್ಲ, ಮೊದಲ ದಿನ ಪ್ರವಾಸಿ ವೇಷ ಹಾಕಿದ್ದ ಆ ಕ್ಯಾಪ್ಟನ್ ಅವಳ ಮಳಿಗೆಯ ಮುಂದೆ ಬಂದು ಕೂರುತ್ತಿದ್ದ. ಹೆಸರು ರಾಮಿರೊ ಉರ್ಬಿನಾ.

"ಬನ್ನಿ ಕ್ಯಾಪ್ಟನ್ ಸಾಹೇಬ್ರೇ! ಇವತ್ತು ಎಷ್ಟು ಜನ ಪ್ರವಾಸಿಗರನ್ನ ತಂದ್ರಿ?"

"ಗಾಳಿ ಹತ್ಕೊಂಡು ಬಂತು. ಕಿಟಕಿ ಸೀಟೇ ಬೇಕು ಅಂತ ಹಟ."

"ಗಾಳಿಗೂ ಸರ್ಕಾರ ದುಡ್ಡು ಕೊಡ್ತದಾ?"

"ನಮಗಿಂತ ಜಾಸ್ತಿ ಕೊಡ್ತದೆ."

ಅವಳಿಗೆ ನಗು ಬಂತು. ನುಂಗಿಕೊಂಡಳು. ತಟ್ಟೆಯನ್ನು ಠಪ್ಪೆಂದು ಅವನ ಮುಂದಿಟ್ಟಳು.

ಅವನು ಮರುಭೂಮಿಯಂಥ ಉತ್ತರದವನು. ಒಮ್ಮೆ ಬಾಯಿತಪ್ಪಿ ಕೇಳಿಬಿಟ್ಟ: "ಗೋಧಿ ರೊಟ್ಟಿ ಸಿಗಲ್ವಾ?"

ಒಲೆಯ ಮುಂದೆ ಕೂತಿದ್ದ ಚೋನಾ ಚಿಕ್ಕಮ್ಮ ಎದ್ದೇ ನಿಂತಳು. "ಗೋಧಿ? ಅಯ್ಯೋ ಪಾಪ, ನಿಮ್ಮ ಕಡೆ ಹೆಂಗಸರಿಗೆ ಮೆಕ್ಕೆಜೋಳ ರುಬ್ಬೋಕೂ ಬರಲ್ವೇನಪ್ಪಾ? ಯಾರು ಸಾಕಿದ್ರೋ ನಿನ್ನ!"

"ಅಜ್ಜಿ ಸಾಕಿದ್ದು. ಅವಳಿಗೂ ನಿಮ್ಮ ಹಾಗೇ ಬಾಯಿ ಜೋರು."

ಆ ದಿನದಿಂದ ಚಿಕ್ಕಮ್ಮ ಅವನ ಪಕ್ಷ ಸೇರಿದಳು. ದ್ರೋಹಿ!

ಯಾದಿರಾ ಮಾತ್ರ ಮಣಿಯಲಿಲ್ಲ. ಮಣಿಯಬಾರದು ಎಂದು ದಿನಾ ತನಗೆ ತಾನೇ ಹೇಳಿಕೊಂಡಳು. ಆದರೆ ವಿಮಾನ ಬರುವ ದಿನ ಬೆಳಿಗ್ಗೆ ಅವಳು ಎರಡು ಸಲ ತಲೆ ಬಾಚಿಕೊಳ್ಳುತ್ತಿದ್ದಳು. ದೂರದ ಸದ್ದು ಕೇಳಿದರೆ ಸಾಕು, ಕೈಯಲ್ಲಿದ್ದ ಚಮಚ ಹಾಗೇ ನಿಂತುಬಿಡುತ್ತಿತ್ತು.

ಒಂದು ದಿನ ಅವನು ಪುಂಡಿಹೂವಿನ ಕೆಂಪು ಪಾನಕ ಕುಡಿಯುತ್ತಾ ಮೆಲ್ಲಗೆ ಹೇಳಿದ, "ರನ್‌ವೇ ಕೆಳಗಿದ್ದ ತೋಟ ನಿಮ್ಮದಂತೆ. ಚಿಕ್ಕಮ್ಮ ಹೇಳಿದ್ರು."

ಅವಳು ಸಾರು ಕದಡುತ್ತಲೇ ಇದ್ದಳು.

"ಇಳಿಸುವಾಗ ಪ್ರತಿಸಲ ಅದೇ ನೆನಪಾಗ್ತದೆ ಯಾದಿರಾ. ಚಕ್ರ ತಾಗಿದ ಕೂಡಲೇ... ಕ್ಷಮಿಸಿ."

"ಕ್ಷಮೆ?" ಅವಳು ತಿರುಗಿ ನಿಂತಳು. "ನೀವು ಕ್ಷಮೆ ಕೇಳಿದ್ರೆ ಪಪ್ಪಾಯಿ ಬಿಡ್ತದಾ? ಸಂಬಳ ತಗೊಂಡು ಖಾಲಿ ಡಬ್ಬ ಹಾರಿಸೋರಿಗೆ ನೆನಪು ಬೇರೆ ಕೇಡು!"

ಅವನು ತಲೆ ತಗ್ಗಿಸಿ ಎದ್ದು ಹೋದ. ಲೋಟದಲ್ಲಿ ಅರ್ಧ ಪಾನಕ ಉಳಿದಿತ್ತು.

*ಯಾಕೆ ಹಾಗಂದೆ? ಯಾಕೆ?...* ಇಡೀ ಸಂಜೆ ಅವಳು ಆ ಲೋಟ ತೊಳೆಯಲಿಲ್ಲ.

---

ಮಳೆಗಾಲ ಮುಗಿಯುವ ಹೊತ್ತಿಗೆ ಚೋನಾ ಚಿಕ್ಕಮ್ಮನ ಕಣ್ಣು ಕೆಂಪಗೆ ಊದಿಕೊಂಡಿತು. ದೀಪ ನೋಡಿದರೆ ಸುತ್ತ ಬಣ್ಣದ ಬಳೆಗಳು ಕಾಣುತ್ತವೆ ಎಂದಳು. ಆಮೇಲೆ ನೋವು ತಡೆಯಲಾರದೆ ಗೋಡೆಗೆ ಹಣೆ ಒತ್ತಿ ಕೂತಳು.

ಊರಿನ ವೈದ್ಯೆ ಪರೀಕ್ಷಿಸಿ ಮುಖ ಗಂಭೀರ ಮಾಡಿಕೊಂಡಳು.

"ಕಣ್ಣೊಳಗೆ ಒತ್ತಡ ಏರಿದೆ. ಹನಿ ಹಾಕ್ತೀನಿ, ಮಾತ್ರೆ ಕೊಡ್ತೀನಿ. ಅದರಲ್ಲಿ ಸ್ವಲ್ಪ ದಿನ ತಳ್ಳಬಹುದು ಅಷ್ಟೇ. ರಾಜಧಾನಿಯ ಆಸ್ಪತ್ರೆಗೇ ಹೋಗ್ಬೇಕು, ಬೇಗ."

"ಇವತ್ತೇ ಬಸ್ಸು ಹತ್ತಿಸ್ತೀನಿ!"

"ಆ ಘಾಟಿಯಲ್ಲಾ? ಬೆಳಿಗ್ಗೆಯಿಂದ ಸಂಜೆವರೆಗೂ ತಿರುವು, ಗಟ್ಟಿಮುಟ್ಟಾದವರೇ ವಾಂತಿ ಮಾಡ್ಕೊಳ್ತಾರೆ. ವಾಂತಿ ಮಾಡಿದ್ರೆ ಆ ಒತ್ತಡ ಇನ್ನೂ ಏರ್ತದಮ್ಮ. ಇರೋ ಕಣ್ಣೂ ಹೋದೀತು... ನಿಮ್ಮೂರಲ್ಲಿ ಈಗ ವಿಮಾನ ಇದೆಯಲ್ಲ!"

ಇದೆಯಲ್ಲ! ಯಾದಿರಾ ತನ್ನ ತಿರಸ್ಕಾರವನ್ನೆಲ್ಲ ನುಂಗಿ, ಒಡವೆ ಮಾರಿದ ದುಡ್ಡು ಹಿಡಿದು, ಟಿಕೆಟ್ ಕಿಟಕಿಯ ಮುಂದೆ ನಿಂತಳು.

ಪ್ಲಾಸಿದೊ ಸಾಹೇಬರು ಅಲ್ಲೇ ಹಲ್ಲುಕಡ್ಡಿ ಹಾಕಿಕೊಳ್ಳುತ್ತಾ ನಿಂತಿದ್ದರು.

"ಆಗಲ್ಲ ಮಗಳೇ. ಇವು ಪ್ರವಾಸಿ ಸೀಟು. ಕರಾವಳಿ ವಿಳಾಸ ಇರೋರಿಗೆ ಕೊಡಬಾರದು ಅಂತ ಆದೇಶ ಇದೆ."

"ವಿಮಾನ ಖಾಲಿ ಹೋಗ್ತಿದೆಯಲ್ಲ ಸಾಹೇಬ್ರೇ!"

"ಖಾಲಿ ಅನ್ನಬೇಡ. ಪ್ರವಾಸಿಗರಿಗಾಗಿ ಕಾದಿರಿಸಿದೆ ಅನ್ನು." ಅವರು ಧ್ವನಿ ತಗ್ಗಿಸಿದರು. "ಸ್ವಲ್ಪ ಯೋಚನೆ ಮಾಡು. ಕೋಳಿಬುಟ್ಟಿ ಹಿಡ್ಕೊಂಡು, ಕೆಮ್ಮುತ್ತಾ, ಮುಲುಗ್ತಾ ನಿಮ್ಮಂಥೋರು ಹತ್ತಿದ್ರೆ ಪರದೇಶದೋರು ಏನಂದ್ಕೊಳ್ತಾರೆ? ವಾತಾವರಣ ಅಂತ ಒಂದಿರ್ತದೆ."

ಅಷ್ಟರಲ್ಲಿ ರಾಮಿರೊ ಟೋಪಿ ಕಂಕುಳಲ್ಲಿ ಹಿಡಿದು ಆ ಕಡೆಯಿಂದ ಬಂದ. ಎಲ್ಲ ಕೇಳಿಸಿಕೊಂಡ. ಅವಳ ಕೈಯಲ್ಲಿದ್ದ ಮುದ್ದೆಯಾದ ನೋಟುಗಳನ್ನು ನೋಡಿದ.

*ಒಂದು ಮಾತಾಡು... ಒಂದೇ ಒಂದು ಮಾತು!*

ಅವನು ಟೋಪಿ ತಲೆಗಿಟ್ಟುಕೊಂಡ. ಸುಮ್ಮನೆ ವಿಮಾನದ ಕಡೆ ನಡೆದುಹೋದ.

ಖಾಲಿ ವಿಮಾನ ಹಾರಿತು. ಯಾದಿರಾ ನಿಲ್ದಾಣದ ಬೇಲಿ ಹಿಡಿದು, ಅದರ ಬಾಲದ ಕಡೆಗೆ ಉಗಿದಳು.

ಆದರೆ ಅದೇ ಸಂಜೆ ಫೋನು ಬಂತು.

"ಯಾದಿರಾ, ನಾನು ರಾಮಿರೊ. ಅಲ್ಲಿ ಬಾಯಿ ಬಿಟ್ಟಿದ್ರೆ ಅವನು ಎಚ್ಚರ ಆಗ್ತಿದ್ದ... ಕೇಳಿ. ಸಿಬ್ಬಂದಿಯ ಕುಟುಂಬದವರು ಹತ್ತಬಹುದು ಅಂತ ಕಂಪನಿ ನಿಯಮ. ಚಿಕ್ಕಮ್ಮ ಇನ್ಮೇಲೆ ನನ್ನ ಚಿಕ್ಕಮ್ಮ. ನಾಳಿದ್ದು ಕರ್ಕೊಂಡು ಬನ್ನಿ. ಪ್ಲಾಸಿದೊ ಗುರುತು ಹಿಡೀದ ಹಾಗೆ ಮಾತ್ರ ಅಲಂಕಾರ ಮಾಡಿ."

"ನಾನೂ..."

"ನೀವು ಬೇಡ. ನಿಮ್ಮನ್ನ ಅವನು ಕತ್ತಲಲ್ಲೂ ಗುರುತು ಹಿಡೀತಾನೆ, ಅಷ್ಟು ಬೈದಿದ್ದೀರಿ. ಆಸ್ಪತ್ರೆ ಬಾಗಿಲವರೆಗೂ ನಾನೇ ಕೈ ಹಿಡ್ಕೊಂಡು ಹೋಗ್ತೀನಿ. ನಂಬಿ."

ಹುಟ್ಟಿದಾಗಿನಿಂದ ಯಾರನ್ನೂ ಸುಲಭಕ್ಕೆ ನಂಬದ ಯಾದಿರಾ... ನಂಬಿದಳು.

ಚೋನಾ ಚಿಕ್ಕಮ್ಮನಿಗೆ ಅಗಲ ಅಂಚಿನ ಟೋಪಿ, ಮುಖ ಮುಚ್ಚುವ ಕಪ್ಪು ಕನ್ನಡಕ, ಹಳದಿ ಪ್ಯಾಂಟು. ಜನ್ಮದಲ್ಲಿ ಮೊದಲ ಪ್ಯಾಂಟು!

"ಬಾಯಿ ಬಿಡಬೇಡ ಚಿಕ್ಕಮ್ಮ. ಯಾರು ಏನು ಕೇಳಿದ್ರೂ 'ಥ್ಯಾಂಕ್ಯೂ' ಅನ್ನು, ಸಾಕು."

"ಕಣ್ಣು ಸಿಡೀತಿದೆ ಕಣೇ, ಆದ್ರೂ ನಗು ಬರ್ತಿದೆ... ನಿನ್ನ ಅಮ್ಮ ನೋಡಿದ್ರೆ ನನ್ನ ಕೋಲಲ್ಲಿ ಹೊಡೀತಿದ್ಲು."

ಪ್ಲಾಸಿದೊ ಸಾಹೇಬರು ಅವಳಿಗೆ ಬಾಗಿ ನಮಸ್ಕರಿಸಿದರು. "ಥ್ಯಾಂಕ್ಯೂ!" ಎಂದಳು ಚಿಕ್ಕಮ್ಮ. ಇಲಾಖೆಯ ಛಾಯಾಗ್ರಾಹಕ ಖುಷಿಯಿಂದ ಫೋಟೊ ತೆಗೆದ. ಮೆಟ್ಟಿಲ ಬಳಿ ರಾಮಿರೊ ಅವಳ ಮೊಣಕೈ ಹಿಡಿದು, ಮಗುವನ್ನು ಹತ್ತಿಸುವ ಹಾಗೆ ಹತ್ತಿಸಿದ. ಒಮ್ಮೆ ತಿರುಗಿ ಮಳಿಗೆಯ ಕಡೆ ನೋಡಿದ.

ಯಾದಿರಾ ಸೆರಗಿನಂಥ ಶಾಲಿನಲ್ಲಿ ಕಣ್ಣೊರೆಸಿಕೊಂಡಳು. *ಇವನು ಬರಲಿ. ಈ ಸಲ ಸಾರಿನಲ್ಲಿ ದೊಡ್ಡ ಸೀಗಡಿಗಳನ್ನೆಲ್ಲ ಇವನಿಗೇ ಹಾಕ್ತೀನಿ... ಎಲ್ಲ ಹೇಳ್ತೀನಿ.*

---

ಅವನು ಬರಲಿಲ್ಲ.

ಮುಂದಿನ ಸಲ ವಿಮಾನದಿಂದ ಇಳಿದದ್ದು ಬೇರೆ ಯಾವನೋ. ಅದರ ಮುಂದಿನ ಸಲವೂ ಆ ಹೊಸಬನೇ.

ರಾಜಧಾನಿಯಲ್ಲಿದ್ದ ಸೋದರಸಂಬಂಧಿ ಫೋನ್ ಮಾಡಿ, ಶಸ್ತ್ರಚಿಕಿತ್ಸೆ ಆಯಿತು, ಕಣ್ಣು ಉಳಿಯಿತು ಎಂದು ತಿಳಿಸಿದಳು. ಯಾದಿರಾ ಕನ್ಯಾಮಾತೆಯ ಪಟದ ಮುಂದೆ ಎರಡು ಮೇಣದ ಬತ್ತಿ ಹಚ್ಚಿದಳು. ಎರಡನೆಯದನ್ನು ಯಾರಿಗಾಗಿ ಹಚ್ಚಿದಳೆಂದು ಯಾರಿಗೂ ಹೇಳಲಿಲ್ಲ.

ಆಮೇಲೆ ನಿಲ್ದಾಣದ ಮುಂದೆ ಆ ಫಲಕ ಎದ್ದಿತು. ಮೂರು ಲಾರಿ ಉದ್ದದ ಫಲಕ! ಅದರ ತುಂಬ ಟೋಪಿ, ಕಪ್ಪು ಕನ್ನಡಕ, ಹಲ್ಲು ಬಿಟ್ಟ ಚೋನಾ ಚಿಕ್ಕಮ್ಮ. ಪಕ್ಕದಲ್ಲಿ ಅವಳ ಮೊಣಕೈ ಹಿಡಿದು ನಗುತ್ತಿರುವ ಕ್ಯಾಪ್ಟನ್ ರಾಮಿರೊ. ಕೆಳಗೆ ಬರೆದಿತ್ತು:

'ನನ್ನ ಹೃದಯವನ್ನು ಸಾಂತಾ ರುಫಿನಾದಲ್ಲೇ ಬಿಟ್ಟು ಹೊರಟೆ! ಇಂತಿ, ಕೆನಡಾದ ಮಿಸ್ ಎಲೀನರ್.'

ಯಾದಿರಾ ಆ ಸಾಲನ್ನು ಮತ್ತೊಮ್ಮೆ ಓದಿದಳು.

"ಚೆನ್ನಾಗಿದೆ ಅಲ್ವಾ?" ಪ್ಲಾಸಿದೊ ಸಾಹೇಬರು ಬಂದು ಪಕ್ಕದಲ್ಲಿ ನಿಂತರು. ಅವರಿಗೆ ಈಗ ಎಲ್ಲವೂ ಗೊತ್ತಿತ್ತು. "ನಿಮ್ಮ ಚಿಕ್ಕಮ್ಮ ಅಂತ ಆಮೇಲೆ ತಿಳೀತು. ಇರಲಿ, ದೊಡ್ಡ ಮನಸ್ಸು ಮಾಡಿದೀವಿ. ಎಲ್ಲಾ ಕ್ಯಾಪ್ಟನ್ನನ ಉಪಾಯ! ಮುದುಕಿಗೆ ವೇಷ ಹಾಕ್ಸಿ ಒಳ್ಳೇ ಫೋಟೊ ಕೊಡಿಸ್ತೀನಿ ಅಂದಿದ್ದ. ಈಗ ದೊಡ್ಡ ವಿಮಾನಕ್ಕೆ ಬಡ್ತಿ ಸಿಕ್ಕಿದೆ. ಈ ಕಡೆ ಇನ್ನು ತಲೆ ಹಾಕಲ್ಲ ಬಿಡು."

*ಫೋಟೊಗಾಗಿ... ಅಷ್ಟೂ ಫೋಟೊಗಾಗಿ!*

ಮೊದಲ ದಿನವೂ ಅವನು ವೇಷ ಹಾಕಿಕೊಂಡೇ ಇಳಿದವನಲ್ಲವೇ? ನಂಬಿದ್ದು ಯಾರ ತಪ್ಪು?

ಅಂದು ಅವನ ಹೆಸರು ಫೋನಿನಲ್ಲಿ ಮತ್ತೆ ಮತ್ತೆ ಮಿನುಗಿತು. ಅವಳು ಆ ನಂಬರನ್ನೇ ಬಂದ್ ಮಾಡಿಬಿಟ್ಟಳು. ಚಿಕ್ಕಮ್ಮ ಫೋನಿನಲ್ಲಿ "ಆ ಹುಡುಗ..." ಎಂದು ಬಾಯಿ ತೆರೆದರೆ, "ಅವನ ಹೆಸರೆತ್ತಿದ್ರೆ ಫೋನ್ ಇಡ್ತೀನಿ!" ಎಂದು ಚೀರಿದಳು. ಇಟ್ಟೂ ಇಟ್ಟಳು. ಕೊಳೆತ ಟೊಮೆಟೊಗಳನ್ನು ಬುಟ್ಟಿಯಲ್ಲಿ ಕೂಡಿಟ್ಟು, ಪ್ರತಿ ಸಂಜೆ ಮಳಿಗೆ ಮುಚ್ಚಿದ ಮೇಲೆ ಫಲಕದ ಕ್ಯಾಪ್ಟನ್ನನ ಮುಖಕ್ಕೆ ಗುರಿಯಿಟ್ಟು ಹೊಡೆದಳು. ಗುರಿ ತಪ್ಪುತ್ತಿರಲಿಲ್ಲ. ಎದೆ ಮಾತ್ರ ಹಗುರಾಗುತ್ತಿರಲಿಲ್ಲ.

---

ಕಣ್ಣಿನ ಗಾಯ ಮಾಗಿದ ಮೇಲೆ ಚೋನಾ ಚಿಕ್ಕಮ್ಮ ಬಸ್ಸಿನಲ್ಲೇ ಊರಿಗೆ ಬಂದಳು. ಫಲಕದ ಮುಂದೆ ಇಳಿದು, ತಲೆಯೆತ್ತಿ ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಟೊಮೆಟೊ ಕಲೆ ನೋಡಿದಳು. ನಗು ನಿಂತಿತು.

"ಯಾರೇ ಮಾಡಿದ್ದು ಇದು?"

"ನಾನೇ! ನಿನ್ನ ಫೋಟೊ ಮಾರ್ಕೊಂಡು ಬಡ್ತಿ ತಗೊಂಡ ಪುಣ್ಯಾತ್ಮನಿಗೆ..."

"ಬಡ್ತಿ?" ಚಿಕ್ಕಮ್ಮ ಅವಳ ಕೆನ್ನೆಗೆ ಬಾರಿಸಲು ಕೈಯೆತ್ತಿ, ಹಾಗೇ ಇಳಿಸಿದಳು. "ಕೆಲಸ ಹೋಯ್ತು ಕಣೇ ಅವನಿಗೆ!"

"ಏನು?..."

"ಮಂತ್ರಿ ಅವನನ್ನ ಕರೆಸಿ, ಈ ಫಲಕ ಎದ್ದ ಮೇಲೆ ಅದರ ಪಕ್ಕ ನಿಂತು ಪತ್ರಿಕೆಯವರಿಗೆ 'ಹೌದು, ಕೆನಡಾದ ಹೆಂಗಸೇ' ಅನ್ನು ಅಂದ್ನಂತೆ. ಇವನು ಏನಂದ ಗೊತ್ತಾ? 'ಅವಳು ಸಾಂತಾ ರುಫಿನಾದ ಚೋನಾ. ಕಣ್ಣು ಹೋಗ್ತಿತ್ತು, ವಿಮಾನ ಪೂರ್ತಿ ಖಾಲಿ ಇತ್ತು, ನೀವು ಒಂದು ಸೀಟು ಕೊಡಲಿಲ್ಲ' ಅಂತ ಮುಖದ ಮೇಲೇ ಹೇಳಿದ್ನಂತೆ. ಸರ್ಕಾರದ ದುಡ್ಡು ನಿಲ್ಲುತ್ತೆ ಅಂತ ಹೆದರಿ ಕಂಪನಿಯವರು ಅವತ್ತೇ ಮನೆಗೆ ಕಳಿಸಿದ್ರು. ಮರುದಿನ ಆಸ್ಪತ್ರೆಗೆ ಬಂದ, ಕೈಯಲ್ಲಿ ಸೂಪು. ನನಗೆ ಕೂದಲು ಬಾಚಿದ ಕಣೇ, ಅಡ್ಡಾದಿಡ್ಡಿ! ಆಮೇಲೊಂದು ದಿನ ಬಂದು 'ಯಾದಿರಾ ಫೋನ್ ಎತ್ತಲ್ಲ ಚಿಕ್ಕಮ್ಮ' ಅಂದ. ನಾನು ಹೇಳೋಕೆ ಬಂದ್ರೆ ನೀನು..."

ಯಾದಿರಾ ರಸ್ತೆಯ ಅಂಚಿನಲ್ಲಿ ಕುಸಿದು ಕೂತಳು.

*ಏನು ಮಾಡಿಬಿಟ್ಟೆ... ಯಾರಿಗೆ ಹೊಡೆದುಬಿಟ್ಟೆ!*

ಅಳು ಉಕ್ಕಿ ಬಂತು. ಅಳು ಮುಗಿದ ಮೇಲೆ ಸಿಟ್ಟು ಬಂತು. ಈ ಸಲ ಅದಕ್ಕೆ ಸರಿಯಾದ ವಿಳಾಸವಿತ್ತು.

ಆ ವಾರವೇ ಮಂತ್ರಿಗಳು ರಾಜಧಾನಿಯ ದೊಡ್ಡ ದೊಡ್ಡ ಪ್ರವಾಸ ಕಂಪನಿಯವರನ್ನು ಕರೆತಂದರು. ಫಲಕದ ಕೆಳಗೆ ಶಾಮಿಯಾನ. ಕ್ಯಾಪ್ಟನ್ನನ ಮುಖವನ್ನು ಮಾತ್ರ ಹೇಗೋ ತೊಳೆಸಿದ್ದರು.

"ಮಿಸ್ ಎಲೀನರ್ ಅಂಥ ಸಾವಿರಾರು ಅತಿಥಿಗಳು..." ಎಂದು ಮಂತ್ರಿಗಳು ಶುರುಮಾಡಿದರು.

"ಥ್ಯಾಂಕ್ಯೂ!"

ಎಲ್ಲರೂ ತಿರುಗಿದರು. ಅದೇ ಟೋಪಿ, ಅದೇ ಕನ್ನಡಕ, ಅದೇ ಹಳದಿ ಪ್ಯಾಂಟು. ಚೋನಾ ಚಿಕ್ಕಮ್ಮ ಯಾದಿರಾಳ ತೋಳು ಹಿಡಿದು ಶಾಮಿಯಾನದ ನಡುವೆ ರಾಣಿಯಂತೆ ನಡೆದು ಬಂದಳು. ಅವಳ ಹಿಂದೆ ಊರಿನ ಹೆಂಗಸರು, ಕಂಕುಳಲ್ಲಿ ಬೇಕೆಂದೇ ತಂದ ಕೋಳಿಬುಟ್ಟಿಗಳು!

"ನಾನೇ ಸ್ವಾಮಿ ಕೆನಡಾದ ಎಲೀನರ್!" ಅಚ್ಚ ಕರಾವಳಿ ಮಾತಿನಲ್ಲಿ ಅವಳು ಕೂಗಿದಳು. "ಹುಟ್ಟಿದ್ದು ಆ ಮೀನು ಮಾರ್ಕೆಟ್ಟಿನ ಹಿಂದೆ. ಹೃದಯ ಬಿಟ್ಟು ಹೋಗಿದ್ದೆನಂತೆ, ವಾಪಸ್ ತಗೊಂಡು ಹೋಗೋಣ ಅಂತ ಬಂದೆ. ಎಲ್ಲಿಟ್ಟಿದ್ದೀರಿ?"

ಅತಿಥಿಗಳು ಮೊದಲು ಬೆಚ್ಚಿದರು, ಆಮೇಲೆ ನಕ್ಕರು. ಫೋನುಗಳು ಮೇಲೆದ್ದವು.

ಪ್ಲಾಸಿದೊ ಸಾಹೇಬರು ಓಡಿ ಬಂದರು. "ಯಾದಿರಾ, ಮರ್ಯಾದೆ..."

"ಮರ್ಯಾದೆ?" ಅವಳ ಧ್ವನಿ ನಡುಗಲಿಲ್ಲ. "ನಮ್ಮ ತೋಟ ತಗೊಂಡ್ರಿ, ನಮ್ಮ ಮುಖ ತಗೊಂಡ್ರಿ. ನಮಗೊಂದು ಸೀಟು ಕೊಡೋಕೆ ನಿಮ್ಮ ವಾತಾವರಣ ಕೆಡ್ತದೆ! ನಿಮ್ಮಲ್ಲಿ ಮಾನ ಇದ್ದದ್ದು ಒಬ್ಬನಿಗೇ. ಅವನನ್ನ ಓಡಿಸಿದ್ರಿ. ಈಗ ಉಳಿದಿರೋದು ನೀವು... ಥೂ!"

ಆ ದೃಶ್ಯ ಸಂಜೆಯೊಳಗೆ ದೇಶವೆಲ್ಲ ಸುತ್ತಿತು.

ಸರ್ಕಾರಕ್ಕೆ ನಾಚಿಕೆಯಾಯಿತೆಂದು ತಿಳಿಯಬೇಡಿ. ಅದು ಅಷ್ಟು ಸುಲಭವಲ್ಲ. ಮಂತ್ರಿಗಳು ಹೊಸ ಯೋಜನೆಯೊಂದನ್ನು ಘೋಷಿಸಿದರು: 'ಕರಾವಳಿಗರಿಗೂ ಆಕಾಶ!' ಅರ್ಧ ಬೆಲೆಗೆ ಸೀಟು. ತಾವು ಮೊದಲಿನಿಂದಲೂ ಕಂಡ ಕನಸಂತೆ ಅದು! ಆಸ್ಪತ್ರೆಗೆ ಹೊರಟ ಬಸುರಿಯರು, ಮುದುಕರು, ಪರೀಕ್ಷೆಗೆ ಹೊರಟ ಮಕ್ಕಳೆಲ್ಲ ಪ್ರವಾಸಿಗರ ಲೆಕ್ಕಕ್ಕೆ ಸೇರಿದರು. ಅಂಕಿಸಂಖ್ಯೆ ಏರಿತು. ಮಂತ್ರಿಗಳಿಗೆ ಪ್ರಶಸ್ತಿ ಬಂತು. ಪ್ಲಾಸಿದೊ ಸಾಹೇಬರಿಗೆ ಇನ್ನೂ ದೊಡ್ಡ ಮೈಕು ಬಂತು.

ಆದರೆ ವಿಮಾನ ತುಂಬಿತು. ಅದು ಸುಳ್ಳಲ್ಲ.

---

ಚಿಕ್ಕಮ್ಮನ ಕಣ್ಣಿನ ಮರುತಪಾಸಣೆಗೆ ಯಾದಿರಾ ಮೊದಲ ಸಲ ವಿಮಾನ ಹತ್ತಿದಳು. ಚಕ್ರ ನೆಲ ಬಿಟ್ಟಾಗ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು. ಕಣ್ಣು ಬಿಟ್ಟು ಕೆಳಗೆ ನೋಡಿದಳು. ಹಸಿರಿನ ನಡುವೆ ಬೂದು ಬಣ್ಣದ ಒಂದು ಗೀರು. ಅಮ್ಮನ ತೋಟ.

*ಇದನ್ನು ಅವನು ಪ್ರತಿಸಲ ನೋಡುತ್ತಿದ್ದ. ಒಬ್ಬನೇ, ಹಿಂದೆ ಖಾಲಿ ಸೀಟುಗಳನ್ನಿಟ್ಟುಕೊಂಡು... ಅದನ್ನೇ ಹೇಳಲು ಬಂದ ದಿನ ನಾನು ಅವನ ಬಾಯಿ ಮುಚ್ಚಿಸಿದೆ.*

ಆಸ್ಪತ್ರೆಯ ಬಾಗಿಲಲ್ಲಿ ಚಿಕ್ಕಮ್ಮ ಅವಳ ಕೈಯಿಂದ ತನ್ನ ಕೈ ಬಿಡಿಸಿಕೊಂಡಳು. "ನನಗೀಗ ಕಣ್ಣು ಕಾಣ್ತದೆ. ನಿನಗೆ ಕಾಣೋ ಕಡೆ ನೀನು ಹೋಗು." ರಾಮಿರೊನ ವಿಳಾಸವನ್ನೂ ಹೇಳಿದಳು.

ಊರಾಚೆ, ಕಬ್ಬಿನ ಗದ್ದೆಗಳ ನಡುವೆ ಒಂದು ಮಣ್ಣಿನ ರನ್‌ವೇ. ಬೆಳೆಗೆ ಔಷಧಿ ಸಿಂಪಡಿಸುವ ಪುಟ್ಟ ವಿಮಾನವನ್ನು ರಾಮಿರೊ ತೊಳೆಯುತ್ತಿದ್ದ. ಬನಿಯನ್ನು, ಬರಿಗಾಲು, ಕೈಯಲ್ಲಿ ನೀರಿನ ಪೈಪು. ಅವಳನ್ನು ಕಂಡು ಪೈಪು ಕೈಯಿಂದ ಜಾರಿತು.

ನೀರು ಇಬ್ಬರ ಕಾಲಡಿ ಹರಿಯಿತು.

"ಬಂದು ಹೇಳೋಕೇನಾಗಿತ್ತು?" ಕೊನೆಗೆ ಅವಳೇ ಸಿಡಿದಳು. "ಫೋನ್ ಎತ್ತದಿದ್ರೆ ಬಸ್ಸಿರಲಿಲ್ವಾ?"

"ಬಂದಿದ್ದೆ."

"ಯಾವಾಗ?"

"ಫಲಕ ಎದ್ದ ಹೊಸತರಲ್ಲಿ. ಘಾಟಿ ಪೂರ್ತಿ ವಾಂತಿ ಮಾಡ್ಕೊಂಡು... ಪೈಲಟ್ ಆಗಿ! ಇಳಿದು ನೋಡಿದ್ರೆ, ನೀನು ನನ್ನ ಮುಖಕ್ಕೆ ಟೊಮೆಟೊ ಹೊಡೀತಿದ್ದೆ. ಎಂಥಾ ಗುರಿ! ಮೂಗಿಗೆ ಸರಿಯಾಗಿ."

"ಅಯ್ಯೋ..."

"ಅದು ಚಿತ್ರ. ಎದುರಿಗೆ ಬಂದ್ರೆ ಒಲೆಮೇಲಿನ ಸಾರೇ ಸುರೀತಾಳೆ ಅಂತ ಅದೇ ಬಸ್ಸು ಹತ್ತಿದೆ." ಅವನು ನಗಲು ನೋಡಿದ. ಆಗಲಿಲ್ಲ. ಕಣ್ಣು ತುಂಬಿತು. "ನೀನು ನನ್ನನ್ನ ಅಷ್ಟು ಕೀಳಾಗಿ ಕಂಡೆಯಲ್ಲ ಯಾದಿರಾ... ಕೆಲಸ ಹೋಗಿದ್ದು ನೋಯಲಿಲ್ಲ. ಅದು ನೋಯ್ತು."

ಅವಳು ಹತ್ತಿರ ಬಂದಳು. ಎರಡೂ ಕೈಯಿಂದ ಅವನ ಮುಖ ಹಿಡಿದಳು. ಹೆಬ್ಬೆರಳಿನಿಂದ ಅವನ ಮೂಗನ್ನು, ಕೆನ್ನೆಯನ್ನು, ಹುಬ್ಬನ್ನು ಮೆಲ್ಲಗೆ ಒರೆಸಿದಳು. ಅಲ್ಲಿ ಏನೂ ಅಂಟಿರಲಿಲ್ಲ. ಆದರೂ ಒರೆಸಿದಳು.

"ತಪ್ಪಾಯ್ತು," ಎಂದಳು. ಆ ಮಾತನ್ನು ಅವಳು ಬದುಕಿನಲ್ಲಿ ಎಷ್ಟು ಸಲ ಆಡಿದ್ದಳೋ, ನಮ್ಮೂರಿನಲ್ಲಿ ಕೇಳಿದವರಿಲ್ಲ.

"ಬೈದುಬಿಡು ಒಂದ್ಸಲ," ಅವನು ಪಿಸುಗುಟ್ಟಿದ. "ಇಷ್ಟು ಮೆತ್ತಗೆ ಮಾತಾಡಿದ್ರೆ ನನಗೆ ಭಯ ಆಗ್ತದೆ."

ಅವಳು ಉಸಿರು ಎಳೆದುಕೊಂಡಳು. ಹುಬ್ಬು ಗಂಟಿಕ್ಕಿದಳು.

"ನೀನೊಬ್ಬ..."

"ಹೂಂ?"

"ನೀನೊಬ್ಬ..." ಹಣೆಯನ್ನು ಅವನ ಒದ್ದೆ ಎದೆಗೆ ಒರಗಿಸಿದಳು.

"ಹೇಳು, ನಾನೊಬ್ಬ ಏನು?"

"ನನ್ನವನು."